‘ಕೆಂಬೂತ’ ಶಬ್ದದ ಅರ್ಥ ಮತ್ತು ಮೂಲ

ಪಶುಪಕ್ಷಿಗಳ ಹೆಸರುಗಳು ಯಾವುದೇ ಭಾಷೆಯ ಪ್ರಾಚೀನ ಸಂಪತ್ತಿಗೆ ಸೇರಿದವು. ಅವುಗಳಲ್ಲಿ ಕೆಲವು ಕೂಗನ್ನು ಅನುಕರಿಸಿ ಹುಟ್ಟಿದವು. ಕಾಗೆ, ಕೋಗಿಲೆ ಎಂಬ ಹೆಸರುಗಳನ್ನು ಉಚ್ಚರಿಸಿದಾಗ ಆ ಹಕ್ಕಿಗಳ ಧ್ವನಿಯೇ ಕಿವಿಗೆ ಬಂದಂತಾಗುತ್ತದೆ. ಬೇರೆ ಕೆಲವು ಬಣ್ಣ, ಆಕಾರ, ನಡೆನುಡಿಗಳನ್ನು ಕಂಡು ಇಟ್ಟವು. ಈ ಎರಡನೆಯ ಬಗೆಯ ಹೆಸರುಗಳಲ್ಲಿ ಒಂದು ತೊಡಕುಂಟು. ಹೆಸರನ್ನು ಕಟ್ಟಿದ ಶಬ್ದಗಳಲ್ಲಿ ಒಂದು ಕಾಲಾಂತರದಲ್ಲಿ ಬಳಕೆಯಿಂದ ಜಾರಿಹೋದರೆ ಆ ಹೆಸರು ಜನರಿಗೆ ಅರ್ಥವಾಗದ ಧ್ವನಿಮಾತ್ರವಾಗಿ ಉಳಿಯುತ್ತದೆ. ಆಗ ಜನ ತಮಗೆ ಪರಿಚಿತವಾದ ಮತ್ತೊಂದು ಶಬ್ದವನ್ನು ಆ ಸ್ಥಾನದಲ್ಲಿ ತಂದು ಕೂಡಿಸಿ, ಹೊಸದೊಂದು ಅರ್ಥವನ್ನು ಕಲ್ಪಿಸಿಕೊಳ್ಳುತ್ತಾರೆ. ಕನ್ನಡದ ‘ಕೆಂಬೂತ’ ಎಂಬ ಹೆಸರು ಇದಕ್ಕೆ ಉತ್ತಮ ನಿದರ್ಶನ.

ಈ ಶಬ್ದವನ್ನು ಇಂದು ಅನೇಕರು ‘ಕೆಂಭೂತ’ ಎಂದು ಮಹಾಪ್ರಾಣದಿಂದ ಬರೆಯುತ್ತಾರೆ. ‘ಕೆಂಪಾದ ಭೂತ’ ಎಂದು ಅರ್ಥವನ್ನೂ ಹೇಳುತ್ತಾರೆ. ಹಕ್ಕಿಯ ಕಣ್ಣು ಕೆಂಪಾಗಿರುವುದು, ಅದರ ಕೂಗು ಗಂಭೀರವಾಗಿ ಪೊದೆಗಳ ಮರೆಯಿಂದ ಕೇಳಿಬರುವುದು, ಈ ಅರ್ಥಕ್ಕೆ ಪೋಷಕವಾಗಿ ತೋರುವುದು ಸಹಜ. ಆದರೆ ಶಬ್ದದ ಇತಿಹಾಸವನ್ನೂ ನೆರೆಭಾಷೆಗಳ ರೂಪಗಳನ್ನೂ ಪರಿಶೀಲಿಸಿದಾಗ ಈ ಅರ್ಥ ನಿಲ್ಲುವುದಿಲ್ಲ. ಇದು ಕೇವಲ ಅಕ್ಷರದ ವ್ಯಾಜ್ಯವೂ ಅಲ್ಲ. ಹೆಸರನ್ನು ತಪ್ಪಾಗಿ ಅರ್ಥೈಸಿದುದರಿಂದ ಒಂದು ನಿರುಪದ್ರವಿ ಜೀವಿ ಜನಮನದಲ್ಲಿ ಅಪಶಕುನದ ಪಟ್ಟವನ್ನು ಹೊರಬೇಕಾಗಿ ಬಂದಿದೆ.

ಮೊದಲು ಹಕ್ಕಿಯ ಪರಿಚಯ ಅಗತ್ಯ. ಕೆಂಬೂತವು ಗಾತ್ರದಲ್ಲಿ ಕಾಗೆಯನ್ನು ಹೋಲುತ್ತದೆ. ಬಾಲ ಮಾತ್ರ ಉದ್ದವಾಗಿಯೂ ಅಗಲವಾಗಿಯೂ ಇರುವುದರಿಂದ ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 48 ಸೆಂಟಿಮೀಟರ್ ಬರುತ್ತದೆ. ತಲೆ, ಕೊರಳು, ಎದೆ, ಬಾಲ ನೀಲಿಯ ಹೊಳಪುಳ್ಳ ಕಪ್ಪು; ರೆಕ್ಕೆಗಳು ಇಟ್ಟಿಗೆಯ ಕೆಂಪು; ಕಣ್ಣು ಮಾಣಿಕ್ಯದ ಕೆಂಪು. ಹಾರಾಟದಲ್ಲಿ ಇದು ದುರ್ಬಲ. ಹೆಚ್ಚಾಗಿ ನೆಲದ ಮೇಲೆ ನಡೆಯುತ್ತ, ಪೊದೆಯಿಂದ ಪೊದೆಗೆ ನುಸುಳುತ್ತ, ಹುಳು, ಬಸವನಹುಳು, ಓತಿ, ಸಣ್ಣ ಹಾವು, ಇತರ ಹಕ್ಕಿಗಳ ಮೊಟ್ಟೆ ಮರಿ ಇವುಗಳನ್ನು ತಿಂದು ಬದುಕುತ್ತದೆ. ನೋಟಕ್ಕೆ ಕಾಗೆಯಂತಿದ್ದರೂ ಇದು ಕಾಗೆಯ ಕುಲದ್ದಲ್ಲ, ಕೋಗಿಲೆಯ ಕುಲದ್ದು. ಆದರೆ ಕೋಗಿಲೆಯಂತೆ ಪರರ ಗೂಡಿನಲ್ಲಿ ಮೊಟ್ಟೆಯಿಡುವ ಸ್ವಭಾವ ಇದಕ್ಕಿಲ್ಲ. ತಾನೇ ಗೂಡು ಕಟ್ಟಿ, ಗಂಡು ಹೆಣ್ಣು ಎರಡೂ ಸೇರಿ ಮರಿಗಳನ್ನು ಸಾಕುತ್ತವೆ. 1815ರಲ್ಲಿ ಸ್ಟೀಫನ್ಸ್ ಎಂಬ ಆಂಗ್ಲ ವಿದ್ವಾಂಸ ಇದನ್ನು ವರ್ಣಿಸಿದನು. ಇದರ ಶಾಸ್ತ್ರೀಯ ನಾಮ ‘ಸೆಂಟ್ರೋಪಸ್ ಸೈನೆನ್ಸಿಸ್’. ‘ಸೆಂಟ್ರೋಪಸ್’ ಎಂದರೆ ಗ್ರೀಕ್ ಭಾಷೆಯಲ್ಲಿ ಮುಳ್ಳುಗಾಲಿನದು. ಹಿಂಬೆರಳಿನ ಉದ್ದನೆಯ ನೇರವಾದ ಉಗುರು ಈ ಹೆಸರಿಗೆ ಕಾರಣ.

ಉಡುಪಿ ಜಿಲ್ಲೆಯ ಕಾಪು ತಾಲ್ಲೂಕಿನ ಇನ್ನಂಜೆಯಂತಹ ಊರುಗಳಲ್ಲಿ ಈ ಹಕ್ಕಿ ಮನೆಯಂಗಳದ ನೆರೆಯದು. ತೆಂಗಿನ ತೋಟ, ಮುರಕಲ್ಲಿನ ಪಾಗಾರ, ಅದರಾಚೆಯ ಹಾಡಿ, ನೆರೆಯ ಶಂಕರಪುರದ ಹೆಸರಿನಿಂದ ಪ್ರಸಿದ್ಧವಾದ ಮಲ್ಲಿಗೆಯ ತೋಟಗಳು, ಇಂತಹ ನೆಲವೇ ಅದಕ್ಕೆ ಪ್ರಿಯ. ಇಲ್ಲಿಯ ಮಕ್ಕಳು ಈ ಒಂದೇ ಹಕ್ಕಿಯನ್ನು ಎರಡು ಹೆಸರುಗಳಿಂದ ಅರಿಯುತ್ತಾರೆ. ಮನೆಯ ತುಳುವಿನಲ್ಲಿ ಅದು ‘ಕುಪ್ಪುಳು’. ಪುಸ್ತಕದ ಕನ್ನಡದಲ್ಲಿ ಅದು ‘ಕೆಂಬೂತ’. ‘ಕುಪ್ಪುಳು’ ಎಂಬುದು ಮೇಲೆ ಹೇಳಿದ ಮೊದಲನೆಯ ಬಗೆಯ ಹೆಸರು. ಮುಂಜಾವದಲ್ಲಿ ‘ಕುಪ್ ಕುಪ್’ ಎಂದು ಸಾಲಾಗಿ ಹೊರಡುವ ಕೂಗಿನಲ್ಲಿ ಅದರ ಮೂಲವಿರುವುದು ಸ್ಪಷ್ಟ. ಮಲಯಾಳದ ‘ಉಪ್ಪನ್’, ದೂರದ ಬಂಗಾಳಿಯ ‘ಕುಬೋ’ ಎಂಬ ಹೆಸರುಗಳೂ ಇದೇ ಕೂಗಿನ ಅನುಕರಣಗಳೇ.

ಇಲ್ಲಿ ಒಂದು ಅಂಶ ಗಮನಾರ್ಹ. ಭೂತಾರಾಧನೆಗೆ ಹೆಸರಾದ ನಾಡು ತುಳುನಾಡು. ಊರೂರಿಗೆ ಭೂತಸ್ಥಾನ, ವರ್ಷವರ್ಷಕ್ಕೆ ಕೋಲ ನೇಮಗಳು ನಡೆಯುವ ಈ ನೆಲದಲ್ಲಿ ಒಂದು ಹಕ್ಕಿಗೆ ಭೂತದ ಹೆಸರು ಅಂಟಬೇಕಾಗಿದ್ದರೆ ಅದು ತುಳುವಿನಲ್ಲಿಯೇ ಮೊದಲು ಅಂಟಬೇಕಾಗಿತ್ತು. ಹಾಗಾಗಿಲ್ಲ. ತುಳುವರು ಕೂಗನ್ನು ಕೇಳಿ ಹೆಸರಿಟ್ಟರು. ‘ಬೂತ’ವೆಂಬ ಧ್ವನಿ ಇರುವುದು ಕನ್ನಡದ ಹೆಸರಿನಲ್ಲಿ ಮಾತ್ರ. ಆದುದರಿಂದ ಈ ಹೆಸರಿನ ಮೂಲವನ್ನು ಭೂತದ ಕಲ್ಪನೆಯಲ್ಲಿ ಅಲ್ಲ, ಬೇರೆಡೆಯಲ್ಲಿ ಹುಡುಕಬೇಕಾಗುತ್ತದೆ.

ಇಂತಹ ಹುಡುಕಾಟಕ್ಕೆ ಬೇಕಾದ ಸಾಧನಗಳು ಕರಾವಳಿಯಲ್ಲಿಯೇ ಸಿದ್ಧವಾದವು ಎಂಬುದನ್ನು ಇಲ್ಲಿ ಸ್ಮರಿಸಬಹುದು. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಮ್ಯಾನರರ ತುಳು ನಿಘಂಟು 1886ರಲ್ಲಿ, ಕಿಟೆಲರ ಕನ್ನಡ ನಿಘಂಟು 1894ರಲ್ಲಿ, ಮೂರೂ ಮಂಗಳೂರಿನಿಂದ ಪ್ರಕಟವಾದವು. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವು ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದಿತು. ಬರೋ ಮತ್ತು ಎಮಿನೋ ವಿದ್ವಾಂಸರ ದ್ರಾವಿಡ ಜ್ಞಾತಿಪದಕೋಶವು 1961ರಲ್ಲಿಯೂ ಅದರ ಪರಿಷ್ಕೃತ ಆವೃತ್ತಿ 1984ರಲ್ಲಿಯೂ ಬಂದವು. ಒಂದು ಶಬ್ದವನ್ನು ಅದರ ಸೋದರ ಶಬ್ದಗಳ ನಡುವೆ ನಿಲ್ಲಿಸಿ ನೋಡುವ ಪದ್ಧತಿಯನ್ನು ಈ ಕೃತಿಗಳು ನಮಗೆ ಕಲಿಸಿವೆ.

ಆ ಪದ್ಧತಿಯಂತೆ ನೋಡಿದರೆ, ಇದೇ ಹಕ್ಕಿಯನ್ನು ತಮಿಳರು ‘ಚೆಂಪೋತ್ತು’ ಎನ್ನುತ್ತಾರೆ; ಮಲಯಾಳಿಗಳೂ ‘ಚೆಂಪೋತ್ತ್’ ಎನ್ನುತ್ತಾರೆ. ಕನ್ನಡದ ‘ಕೆಂಬೂತ’ಕ್ಕೂ ಈ ರೂಪಗಳಿಗೂ ಇರುವ ಸಾಮ್ಯ ಆಕಸ್ಮಿಕವಲ್ಲ. ಪೂರ್ವಪದವನ್ನು ಮೊದಲು ತೆಗೆದುಕೊಳ್ಳೋಣ. ಕನ್ನಡದಲ್ಲಿ ಪದಾದಿಯ ಕಕಾರದ ಮುಂದೆ ಇ, ಈ, ಎ, ಏ ಸ್ವರಗಳು ಬಂದಲ್ಲಿ ತಮಿಳು ಮಲಯಾಳಗಳಲ್ಲಿ ಅನೇಕ ವೇಳೆ ಆ ಕಕಾರವು ಚಕಾರವಾಗಿರುತ್ತದೆ. ನಮ್ಮ ‘ಕಿವಿ’ ಅವರ ‘ಚೆವಿ’. ನಮ್ಮ ‘ಕೇರಿ’ ಅವರ ‘ಚೇರಿ’. ತುಳು ಈ ವಿಷಯದಲ್ಲಿ ಕನ್ನಡದ ಪಕ್ಷ; ಅಲ್ಲಿ ಕಿವಿಗೆ ‘ಕೆಬಿ’ ಎಂಬ ಹೆಸರು. ಇದೇ ನಿಯಮದಂತೆ ಕೆಂಪನ್ನು ಸೂಚಿಸುವ ನಮ್ಮ ‘ಕೆಂ’ ಅವರಲ್ಲಿ ‘ಚೆಂ’ ಆಗಿದೆ. ಪೂರ್ವಪದದ ಅರ್ಥ ಕೆಂಪು ಎಂಬುದರಲ್ಲಿ ಹೀಗೆ ಸಂದೇಹವಿಲ್ಲ. ಈ ಕೆಂಪು ರಕ್ತದ ಕೆಂಪೇ ಆಗಬೇಕಾಗಿಲ್ಲ. ಕಂದು ಬೆರೆತ ನೆಲವನ್ನು ‘ಕೆಮ್ಮಣ್ಣು’ ಎನ್ನುತ್ತೇವೆ. ಉಡುಪಿಯ ಬಳಿಯ ಒಂದು ಊರಿಗೇ ಆ ಹೆಸರಿದೆ. ಹಕ್ಕಿಯ ರೆಕ್ಕೆಯ ಬಣ್ಣಕ್ಕೆ ‘ಕೆಂ’ ಎಂಬ ವಿಶೇಷಣ ಚೆನ್ನಾಗಿ ಒಪ್ಪುತ್ತದೆ.

ವಿವಾದವಿರುವುದು ಉತ್ತರಪದದಲ್ಲಿ. ತಮಿಳು ಮಲಯಾಳಗಳಲ್ಲಿ ಅದು ಭೂತವಲ್ಲ, ‘ಪೋತ್ತು’. ಸಂಸ್ಕೃತದ ‘ಭೂತ’ ತಮಿಳಿಗೆ ಬಂದಾಗ ‘ಪೂತಂ’ ಎಂದಾಗುತ್ತದೆ. ಹಕ್ಕಿಯ ಹೆಸರಿನಲ್ಲಿ ಆ ರೂಪವಿಲ್ಲ. ‘ಪೋತ್ತು’ ಅಚ್ಚ ದ್ರಾವಿಡ ಶಬ್ದ. ಪ್ರಾಣಿಗಳ ಗಂಡಿಗೆ ಆ ಹೆಸರು. ತಮಿಳಿನ ಪ್ರಾಚೀನ ವ್ಯಾಕರಣವಾದ ತೊಲ್ಕಾಪ್ಪಿಯಂ ಯಾವ ಯಾವ ಪ್ರಾಣಿಗಳ ಗಂಡನ್ನು ಏನೆಂದು ಕರೆಯಬೇಕೆಂದು ವಿವರಿಸುವಲ್ಲಿ, ಎಮ್ಮೆ, ಹುಲಿ ಮೊದಲಾದವುಗಳೊಡನೆ ನವಿಲಿಗೂ ಈ ಶಬ್ದವನ್ನು ಒಪ್ಪಿದೆ. ಎಂದರೆ ಹಕ್ಕಿಗಳಿಗೂ ಇದು ಸಲ್ಲುತ್ತಿತ್ತು. ತೆಲುಗಿನಲ್ಲಿ ಇದು ‘ಪೋತು’ ಆಗಿ ಇಂದಿಗೂ ಜೀವಂತವಾಗಿದೆ. ಕೋಣಕ್ಕೆ ಅಲ್ಲಿ ‘ದುನ್ನಪೋತು’ ಎಂಬ ಹೆಸರು. ಕನ್ನಡದಲ್ಲಿ ಈ ಶಬ್ದದ ಹಳೆಯ ರೂಪ ‘ಪೋತ’. ಇಂದಿನ ರೂಪ ‘ಹೋತ’. ಆಡಿನ ಗಂಡು ಎಂಬ ಒಂದೇ ಅರ್ಥಕ್ಕೆ ಅದು ಈಗ ಸೀಮಿತವಾಗಿದೆ. ಕೆಂಬೂತದ ಗಂಡು ಹೆಣ್ಣುಗಳು ನೋಟಕ್ಕೆ ಒಂದೇ ಬಗೆಯಾಗಿದ್ದು, ಹೆಣ್ಣೇ ಗಾತ್ರದಲ್ಲಿ ತುಸು ದೊಡ್ಡದಾಗಿರುವುದರಿಂದ, ಇಲ್ಲಿ ‘ಪೋತ’ವನ್ನು ಲಿಂಗಸೂಚಕವಾಗಿ ತಿಳಿಯದೆ, ‘ದೃಢಕಾಯದ್ದು’ ಎಂಬ ವಿಶಾಲಾರ್ಥದಲ್ಲಿ ತಿಳಿಯುವುದು ಯುಕ್ತ.

‘ಕೆಂ’ ಮತ್ತು ‘ಪೋತ’ ಸೇರಿದಾಗ ಏನಾಗಬೇಕೆಂಬುದನ್ನು ನಮ್ಮ ವ್ಯಾಕರಣ ಸ್ಪಷ್ಟವಾಗಿ ಹೇಳುತ್ತದೆ. ಸಮಾಸದಲ್ಲಿ ಉತ್ತರಪದದ ಆದಿಯ ಕ, ತ, ಪ ವ್ಯಂಜನಗಳಿಗೆ ಗ, ದ, ಬ ಗಳು ಆದೇಶವಾಗಿ ಬರುತ್ತವೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಿರೂಪಿಸಿದ ಈ ನಿಯಮವನ್ನು ಇಂದು ಶಾಲೆಯ ಮಕ್ಕಳೂ ಕಲಿಯುತ್ತಾರೆ. ಕೆಂ ಮತ್ತು ಕಣ್ಣು ಸೇರಿ ಕೆಂಗಣ್ಣು. ಕೆಂ ಮತ್ತು ತಾವರೆ ಸೇರಿ ಕೆಂದಾವರೆ. ಹಾಗೆಯೇ ಕೆಂ ಮತ್ತು ಪೋತ ಸೇರಿ ‘ಕೆಂಬೋತ’ ಆಗಬೇಕು. ಇದೇ ಈ ಹೆಸರಿನ ಮೊದಲ ಕನ್ನಡ ರೂಪವೆಂದು ತಿಳಿಯುವುದಕ್ಕೆ ತಮಿಳು ಮಲಯಾಳಗಳ ಸಾಕ್ಷ್ಯವೂ ಕನ್ನಡ ವ್ಯಾಕರಣದ ಸಮ್ಮತಿಯೂ ಇವೆ.

ಹಾಗಾದರೆ ಕನ್ನಡಿಗರು ‘ಕೆಂಬೋತ’ದಲ್ಲಿರುವ ‘ಹೋತ’ವನ್ನು ಏಕೆ ಗುರುತಿಸದೆ ಹೋದರು? ಇದಕ್ಕೆ ಕಾರಣ ಕನ್ನಡದ ಒಂದು ಪ್ರಸಿದ್ಧವಾದ ಧ್ವನಿವ್ಯತ್ಯಾಸ. ಹಳಗನ್ನಡದ ಪದಾದಿಯ ಪಕಾರವು ಹತ್ತನೆಯ ಶತಮಾನದ ಸುಮಾರಿಗೆ ಹಕಾರವಾಗತೊಡಗಿ, ನಡುಗನ್ನಡದ ಕಾಲದಲ್ಲಿ ಆ ಮಾರ್ಪಾಡು ನೆಲೆಗೊಂಡಿತು. ಪಾಲು ಹಾಲಾಯಿತು; ಪುಲಿ ಹುಲಿಯಾಯಿತು; ಪಾವು ಹಾವಾಯಿತು. ತುಳುವಿನಲ್ಲಿ ಈ ಮಾರ್ಪಾಡು ನಡೆಯಲಿಲ್ಲವಾದುದರಿಂದ ಕರಾವಳಿಯಲ್ಲಿ ಹುಲಿ ಇಂದಿಗೂ ‘ಪಿಲಿ’ಯೇ ಆಗಿದೆ. ಆದರೆ ಕನ್ನಡದಲ್ಲಿಯೂ ಸಮಾಸದ ಒಳಗೆ ಸಿಕ್ಕಿಕೊಂಡ ಪಕಾರವು ಈಗಾಗಲೇ ಬಕಾರವಾಗಿದ್ದುದರಿಂದ ಹಕಾರಕ್ಕೆ ತಿರುಗಲಿಲ್ಲ. ಆದಕಾರಣವೇ ಬಿಡಿಯಾಗಿ ‘ಹುಲಿ’ ಎನ್ನುವ ನಾವು ಸಮಾಸದಲ್ಲಿ ‘ಹೆಬ್ಬುಲಿ’ ಎನ್ನುತ್ತೇವೆ; ‘ಹಾವು’ ಎನ್ನುವವರು ‘ಹೆಬ್ಬಾವು’ ಎನ್ನುತ್ತೇವೆ; ‘ಹನಿ’ ಎನ್ನುವವರು ‘ಕಂಬನಿ’ ಎನ್ನುತ್ತೇವೆ. ಅದರಂತೆ ಬಿಡಿಯಾಗಿ ‘ಹೋತ’, ಸಮಾಸದಲ್ಲಿ ‘ಬೋತ’.

ಹುಲಿಯೂ ಹಾವೂ ನಿತ್ಯ ಬಳಕೆಯ ಶಬ್ದಗಳಾದುದರಿಂದ ‘ಹೆಬ್ಬುಲಿ’ಯಲ್ಲಿ ಹುಲಿಯನ್ನೂ ‘ಹೆಬ್ಬಾವಿ’ನಲ್ಲಿ ಹಾವನ್ನೂ ಜನ ಗುರುತಿಸಬಲ್ಲರು. ‘ಹೋತ’ವಾದರೋ ಆಡಿಗೆ ಮಾತ್ರ ಮೀಸಲಾಯಿತು. ಹಕ್ಕಿಯಲ್ಲಿ ಆಡಿನ ಗಂಡನ್ನು ಕಾಣುವವರು ಯಾರು? ಹೀಗೆ ‘ಬೋತ’ವೆಂಬುದು ಅರ್ಥಶೂನ್ಯವಾಗಿ ಉಳಿದಾಗ, ಅದಕ್ಕೆ ತೀರ ಸಮೀಪದ ಧ್ವನಿಯುಳ್ಳ, ಎಲ್ಲರೂ ಬಲ್ಲ ‘ಬೂತ’ವೆಂಬ ಶಬ್ದ ಆ ತೆರವನ್ನು ತುಂಬಿತು. ಓಕಾರವು ಊಕಾರವಾಗಲು ಇಷ್ಟೇ ಸಾಕಾಯಿತು. ಕೊನೆಗೆ ಸಂಸ್ಕೃತದ ಶುದ್ಧರೂಪವನ್ನು ಬಲ್ಲ ಅಕ್ಷರಸ್ಥರು ‘ಬೂತ’ವು ತಪ್ಪೆಂದು ಬಗೆದು ಅದನ್ನು ‘ಭೂತ’ವೆಂದು ತಿದ್ದಿದರು. ಅಪಭ್ರಂಶವಲ್ಲದುದನ್ನು ಅಪಭ್ರಂಶವೆಂದು ತಿಳಿದು ಶುದ್ಧೀಕರಿಸಿದ ಫಲವೇ ‘ಕೆಂಭೂತ’.

ಜನರ ಕಿವಿ ಹೀಗೆ ಶಬ್ದವನ್ನು ತಿದ್ದುವುದು ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ತಮಿಳಿನಲ್ಲಿ ಇದೇ ಹಕ್ಕಿಗೆ ‘ಚೆಂಬಕಂ’ ಎಂಬ ಇನ್ನೊಂದು ಹೆಸರಿದ್ದು, ಅದು ಸಂಪಿಗೆ ಹೂವಿನ ಹೆಸರಿನೊಡನೆ ಒಂದಾಗಿ ಹೋಗಿದೆ. ಅಲ್ಲಿಯ ಜನಕ್ಕೆ ಹೂವು ನೆನಪಾಗುವಲ್ಲಿ ಇಲ್ಲಿಯ ಜನಕ್ಕೆ ಭೂತ ನೆನಪಾಯಿತು. ನಮ್ಮಲ್ಲಿಯೇ ಇನ್ನೊಂದು ಹಕ್ಕಿಯ ಹೆಸರಾದ ‘ಗೊರವಂಕ’ವನ್ನು ಕೇಳಿದೊಡನೆ ಶೈವ ಸಂಪ್ರದಾಯವನ್ನು ಬಲ್ಲವರಿಗೆ ‘ಗೊರವ’ನ ನೆನಪಾಗುವುದು ಸಹಜ. ಆದರೆ ತೆಲುಗಿನಲ್ಲಿ ಅದೇ ಹಕ್ಕಿಗೆ ‘ಗೋರುವಂಕ’, ‘ಗೋರಿಂಕ’ ಎಂಬ ದೀರ್ಘಾದಿಯ ರೂಪಗಳಿರುವುದರಿಂದ, ಕನ್ನಡದ ಧ್ವನಿಯೊಂದನ್ನೇ ನಂಬಿ ಗೊರವನನ್ನು ಅಲ್ಲಿ ಕೂಡಿಸುವುದು ಆತುರದ ಕೆಲಸವಾದೀತು. ಪ್ರಿಯವಾದ ಅರ್ಥವನ್ನೂ ಅಪ್ರಿಯವಾದ ಅರ್ಥವನ್ನೂ ಒಂದೇ ಒರೆಗಲ್ಲಿನಲ್ಲಿ ಉಜ್ಜಿ ನೋಡುವುದೇ ಶಬ್ದವಿಚಾರದ ಧರ್ಮ.

‘ಭೂತ’ ಶಬ್ದದ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಸಂಸ್ಕೃತದಲ್ಲಿ ಈ ಶಬ್ದದ ಮೂಲಾರ್ಥ ‘ಆದದ್ದು, ಇರುವಂತಹದು’ ಎಂದು. ಪೃಥಿವ್ಯಾದಿ ತತ್ತ್ವಗಳು ಪಂಚಭೂತಗಳು. ಸಕಲ ಪ್ರಾಣಿಗಳೂ ಭೂತಗಳು. ಅವೆಲ್ಲಕ್ಕೂ ಒಡೆಯನಾದ ಶಿವನು ಭೂತನಾಥ. ತುಳುನಾಡಿನಲ್ಲಿ ಭೂತವೆಂದರೆ ಊರನ್ನು ಕಾಯುವ, ನ್ಯಾಯವನ್ನು ನುಡಿಯುವ ದೈವ. ಘಟ್ಟದ ಮೇಲಿನ ಸಾಮಾನ್ಯ ಕನ್ನಡದಲ್ಲಿ ಮಾತ್ರ ಅದು ಪಿಶಾಚಿಯೆಂಬ ಅರ್ಥಕ್ಕೆ ಇಳಿದಿದೆ. ‘ಕೆಂಭೂತ’ವನ್ನು ಅಪಶಕುನದ ಹಕ್ಕಿಯೆನ್ನುವವರ ಮನಸ್ಸಿನಲ್ಲಿರುವುದು ಈ ಇಳಿದ ಅರ್ಥವೇ. ಎಂದರೆ ಇಲ್ಲಿ ಎರಡು ಪ್ರಮಾದಗಳು ಕೂಡಿಕೊಂಡಿವೆ. ಇಲ್ಲದ ಭೂತವನ್ನು ಹೆಸರಿನೊಳಗೆ ತಂದುದು ಒಂದು. ಆ ಭೂತಕ್ಕೆ ಅತ್ಯಂತ ಕೀಳಾದ ಅರ್ಥವನ್ನು ಆರಿಸಿಕೊಂಡುದು ಇನ್ನೊಂದು.

ಹೆಸರು ಬದಲಾದಲ್ಲಿ ಅದೃಷ್ಟವೂ ಬದಲಾಗುವುದನ್ನು ನೆರೆನಾಡುಗಳಲ್ಲಿ ಕಾಣಬಹುದು. ಮಹಾರಾಷ್ಟ್ರದಲ್ಲಿ ಈ ಹಕ್ಕಿಗೆ ಋಷಿಯ ಹೆಸರು. ಅಲ್ಲಿ ಇದು ‘ಭಾರದ್ವಾಜ’. ಇದರ ದರ್ಶನ ಶುಭವೆಂದು ಅಲ್ಲಿಯ ಜನ ನಂಬುತ್ತಾರೆ. ಕೇರಳದಲ್ಲಿ ಇದಕ್ಕೆ ‘ಈಶ್ವರನ್ ಕಾಕ್ಕ’, ಎಂದರೆ ಈಶ್ವರನ ಕಾಗೆ, ಎಂಬ ಹೆಸರೂ ಉಂಟು. ಕನ್ನಡ ನಾಡಿನಲ್ಲಿಯೇ ಇದನ್ನು ‘ರತ್ನಪಕ್ಷಿ’ಯೆಂದು ಕರೆಯುವವರು ಕಂಡರೆ ಒಳಿತೆಂದು ಭಾವಿಸುತ್ತಾರೆ, ಭೂತವೆಂದು ಕರೆಯುವವರು ಕೂಗನ್ನು ಕೇಳಿ ಬೆಚ್ಚುತ್ತಾರೆ. ಹಕ್ಕಿ ಒಂದೇ, ಕೂಗೂ ಒಂದೇ. ಶುಭಾಶುಭಗಳು ಹಕ್ಕಿಯಲ್ಲಿಲ್ಲ, ನಾವು ಇಟ್ಟ ಹೆಸರಿನಲ್ಲಿವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಶಕುನ, ಮುಹೂರ್ತಗಳ ಭಯವನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ನಿರಾಕರಿಸಿದ್ದರೆಂಬುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ.

ಆಂಗ್ಲರೂ ಈ ಹಕ್ಕಿಯ ಹೆಸರಿನಲ್ಲಿ ಎಡವಿದ್ದಾರೆ. ಅವರು ಇದನ್ನು ‘ಕ್ರೋ-ಫೆಸೆಂಟ್’ ಎಂದು ಕರೆದರು. ‘ಕ್ರೋ’ ಎಂದರೆ ಕಾಗೆ; ‘ಫೆಸೆಂಟ್’ ಎಂಬುದು ಕೋಳಿ, ನವಿಲುಗಳ ಕುಲದ ಹಕ್ಕಿ. ಇದು ಆ ಎರಡೂ ಅಲ್ಲ. ಭಾರತಕ್ಕೆ ಹೊಸದಾಗಿ ಬಂದ ಆಂಗ್ಲರು ಫೆಸೆಂಟ್ ಎಂದೇ ಭ್ರಮಿಸಿ ಇದನ್ನು ಬೇಟೆಯಾಡಿ, ಮಾಂಸ ರುಚಿಸದೆ ಬಿಟ್ಟುದುಂಟು. ಪಕ್ಷಿಶಾಸ್ತ್ರದಲ್ಲಿ ಈಗ ಬಳಕೆಯಲ್ಲಿರುವ ‘ಕೂಕಲ್’ ಎಂಬ ಹೆಸರು ಫ್ರೆಂಚರದು. ಕೋಗಿಲೆ ಮತ್ತು ನೆಲಗುಬ್ಬಿಯ ಜಾತಿಯ ಹಕ್ಕಿ ಇವೆರಡರ ಫ್ರೆಂಚ್ ಹೆಸರುಗಳ ಬೆಸುಗೆ ಅದು ಎಂದು ನಿಘಂಟುಕಾರರು ವಿವರಿಸುತ್ತಾರೆ. ನೆಲಗುಬ್ಬಿಗಿರುವಂತಹ ಉದ್ದನೆಯ ಹಿಂಬೆರಳಿನ ಉಗುರನ್ನು ನೋಡಿದರೆ ಈ ಬೆಸುಗೆ ಸಾರ್ಥಕವೆನಿಸುತ್ತದೆ.

ಕನ್ನಡದ ಗಾದೆಯೊಂದು ನವಿಲಿನ ಕುಣಿತವನ್ನು ಕಂಡು ತಾನೂ ಪುಕ್ಕ ಕೆದರಿ ನಿಂತ ಕೆಂಬೂತವನ್ನು ಹಾಸ್ಯ ಮಾಡುತ್ತದೆ. ಅದು ಮನುಷ್ಯರ ಅಂಧಾನುಕರಣೆಯನ್ನು ಕುರಿತ ಮಾತು. ಹಕ್ಕಿಗೆ ಅದರಿಂದ ಹಾನಿಯಿಲ್ಲ. ಹಾನಿಯಾದುದು ಭಯದಿಂದ ಮತ್ತು ಮೂಢನಂಬಿಕೆಯಿಂದ. ಇದರ ಮಾಂಸವು ಕ್ಷಯ, ಶ್ವಾಸರೋಗಗಳಿಗೆ ಔಷಧವೆಂಬ ಆಧಾರವಿಲ್ಲದ ನಂಬಿಕೆಯಿಂದ ದೇಶದ ಹಲವೆಡೆ ಇದನ್ನು ಕೊಂದುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಈ ಹಕ್ಕಿಗೂ ಇದೆ. ಆದರೆ ಕಾಯಿದೆಯು ಕೈಯನ್ನು ತಡೆಯಬಲ್ಲುದೇ ಹೊರತು ಮನಸ್ಸಿನೊಳಗಿನ ಹೆದರಿಕೆಯನ್ನು ತೆಗೆಯಲಾರದು. ತೋಟದ ಹುಳುಗಳನ್ನೂ ಬಸವನಹುಳುಗಳನ್ನೂ ಆರಿಸಿ ತಿನ್ನುವ ಈ ಜೀವಿ ಕೃಷಿಕನಿಗೆ ಮಿತ್ರನೆಂಬ ತಿಳಿವಳಿಕೆ, ಅದರ ಹೆಸರಿನಲ್ಲಿ ಪಿಶಾಚಿಯಿಲ್ಲವೆಂಬ ತಿಳಿವಳಿಕೆಯೊಡನೆ ಸೇರಿದರೆ ಹೆಚ್ಚು ಫಲ ಕೊಟ್ಟೀತು.

ಈ ವಿಚಾರದಿಂದ ಸಿದ್ಧವಾಗುವುದಿಷ್ಟು. ‘ಕೆಂಬೂತ’ವು ಕೆಂ ಮತ್ತು ಪೋತ ಎಂಬ ಎರಡು ದ್ರಾವಿಡ ಶಬ್ದಗಳು ಸೇರಿ ಆದ ಹೆಸರು, ಕೆಂಪು ರೆಕ್ಕೆಯ, ದೃಢಕಾಯದ ಹಕ್ಕಿ ಎಂಬುದು ಅದರ ಅರ್ಥ. ‘ಪೋತ’ವು ಬಳಕೆಯಲ್ಲಿ ಕುಗ್ಗಿದಾಗ ‘ಬೂತ’ವು ಆ ಸ್ಥಾನಕ್ಕೆ ಬಂದಿತು. ಹಲವು ತಲೆಮಾರುಗಳ ಬಳಕೆಯಿಂದ ನೆಲೆಗೊಂಡಿರುವ ‘ಕೆಂಬೂತ’ ರೂಪವನ್ನು ಬಿಟ್ಟು ‘ಕೆಂಬೋತ’ಕ್ಕೆ ಹಿಂದಿರುಗಬೇಕೆಂದು ಯಾರೂ ಹೇಳಲಾರರು, ಭಾಷೆ ಹಿಂದಕ್ಕೆ ನಡೆಯುವುದಿಲ್ಲ. ಆದರೆ ಪಠ್ಯಪುಸ್ತಕಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಮಹಾಪ್ರಾಣವನ್ನು ಬಿಟ್ಟು ‘ಕೆಂಬೂತ’ವೆಂದೇ ಬರೆಯುವುದು ಉಚಿತ. ಇನ್ನಂಜೆಯ ಹಾಡಿಯಲ್ಲಾಗಲಿ, ಬಯಲುಸೀಮೆಯ ಬೇಲಿಯಲ್ಲಾಗಲಿ ಈ ಹಕ್ಕಿ ಕೂಗಿದಾಗ ಮಕ್ಕಳು ಅದರ ಹೆಸರೇನೆಂದು ಕೇಳಿದರೆ, ಹೆಸರಿನೊಡನೆ ಅದರ ನಿಜವಾದ ಅರ್ಥವನ್ನೂ ಹೇಳುವುದು ಹಿರಿಯರ ಕರ್ತವ್ಯವಾಗಿದೆ.